ಸೋಯಾ ಅವರೆ: ಜೀವಾಣು ಹಚ್ಚಿದರೂ ಗಿಡವೇಕೆ ಹಳದಿ?

ಪ್ರಶ್ನೆ: ಎರಡು ವರ್ಷಗಳಿಂದ ಸೋಯಾ ಅವರೆ ಬೀಜಕ್ಕೆ ಶಿಲೀಂಧ್ರನಾಶಕದ ಜೊತೆಯಲ್ಲೇ ರೈಜೋಬಿಯಂ (ಬೇರಿನಲ್ಲಿ ಗಂಟು ಕಟ್ಟಿ ಗಿಡಕ್ಕೆ ಸಾರಜನಕ ಒದಗಿಸುವ ಜೀವಾಣು) ಹಚ್ಚಿ ಬಿತ್ತುತ್ತಿದ್ದೇನೆ. ಗಿಡ ತಿಳಿ ಹಳದಿಯಾಗುವುದರಿಂದ ಯೂರಿಯಾವನ್ನೂ ಕೊಡುತ್ತಿದ್ದೇನೆ. ಇಳುವರಿ ಹೆಚ್ಚಿಲ್ಲ. ಕಬ್ಬಿಣ, ಸತು, ಬೋರಾನ್‌ಗಳಂಥ ಲಘು ಪೋಷಕಾಂಶಗಳ ಮಿಶ್ರಣ ಕೊಡಬೇಕೆ?

ಉತ್ತರ: ಮಿಶ್ರಣ ಕೊಳ್ಳುವ ಮೊದಲು, ಹೂ ಬಿಡುವ ಹೊತ್ತಿಗೆ ನಾಲ್ಕಾರು ಗಿಡಗಳನ್ನು ಮಣ್ಣಿನ ಹೆಂಟೆಯ ಸಮೇತ ಅಗೆದು ತೆಗೆದು, ಬೇರನ್ನು ತೊಳೆದು, ಗಂಟುಗಳನ್ನು ಸೀಳಿ ನೋಡಿ. ಒಳಭಾಗ ಕೆಂಪಾಗಿದ್ದರೆ ಅವು ಗಾಳಿಯ ಸಾರಜನಕವನ್ನು ಸ್ಥಿರೀಕರಿಸುತ್ತಿವೆ. ಬಿಳಿ ಅಥವಾ ಹಸಿರಾಗಿದ್ದರೆ, ಇಲ್ಲವೆ ಗಂಟುಗಳೇ ವಿರಳವಾಗಿದ್ದರೆ, ದೋಷ ಬಹುಮಟ್ಟಿಗೆ ಬೀಜೋಪಚಾರದಲ್ಲಿದೆ.

ಒಂದು ಟನ್ ಕಾಳು ಬೆಳೆಯಲು ಈ ಬೆಳೆಗೆ ಸುಮಾರು 80 ಕೆ.ಜಿ. ಸಾರಜನಕ ಬೇಕಾಗುತ್ತದೆ. ಅದರ ಅರ್ಧದಷ್ಟನ್ನಾದರೂ ಒದಗಿಸಬಲ್ಲ ಜೀವಾಣು ಬ್ರಾಡಿರೈಜೋಬಿಯಂ, ಅಂದರೆ ಸೋಯಾ ಅವರೆಗೆ ಹೊಂದುವ ರೈಜೋಬಿಯಂ ಬಗೆ. ಕಡಲೆ, ಬಟಾಣಿಗಳಿಗೆಂದು ತಯಾರಿಸಿದ ಜೀವಾಣು ಗೊಬ್ಬರ ಇಲ್ಲಿ ಗಂಟು ಕಟ್ಟುವುದಿಲ್ಲ. ಹಲವು ಶಿಲೀಂಧ್ರನಾಶಕಗಳು ಬ್ರಾಡಿರೈಜೋಬಿಯಂಗೆ ಮಾರಕವಾದ್ದರಿಂದ ಅವುಗಳನ್ನು ಮೊದಲೇ ಲೇಪಿಸಿ ಒಣಗಿಸಿಡಬೇಕು. ಬಿತ್ತುವ ದಿನ ತೆಳುವಾದ ಅಂಟು ದ್ರಾವಣದಲ್ಲಿ ಜೀವಾಣುವನ್ನು ಕಲಸಿ, ಬೀಜಕ್ಕೆ ಹಚ್ಚಿ, ನೆರಳಿನಲ್ಲಿ ಆರಿಸಿ ತಡಮಾಡದೆ ಬಿತ್ತಬೇಕು. ಯೂರಿಯಾವನ್ನು ನಿಲ್ಲಿಸಿ: ಮಣ್ಣಿನಲ್ಲಿ ಸಾರಜನಕ ಧಾರಾಳವಾಗಿ ಸಿಕ್ಕರೆ ಗಿಡವು ಗಂಟು ಕಟ್ಟುವ ಗೋಜಿಗೇ ಹೋಗುವುದಿಲ್ಲ.

ಗಂಟುಗಳು ಸಾಕಷ್ಟಿದ್ದೂ ಗಿಡ ಬಣ್ಣಗೆಟ್ಟಿದ್ದರೆ ಮಾತ್ರ ಲಘು ಪೋಷಕಾಂಶಗಳ ಕಡೆಗೆ ತಿರುಗಿ. ಸಾರಜನಕ ಸ್ಥಿರೀಕರಿಸುವ ಕಿಣ್ವದಲ್ಲಿ ಕಬ್ಬಿಣವೂ ಮಾಲಿಬ್ಡಿನಮ್ ಕೂಡ ಇರುವುದರಿಂದ, ಮಾಲಿಬ್ಡಿನಮ್ ಕೊರತೆಯು ಥೇಟ್ ಸಾರಜನಕದ ಕೊರತೆಯಂತೆಯೇ ಕಾಣುತ್ತದೆ; ಮೊದಲು ಹಳದಿಯಾಗುವುದು ಹಳೆಯ ಎಲೆಗಳು. ಆಮ್ಲೀಯ ಮಣ್ಣಿನಲ್ಲಿ ಇದು ಹೆಚ್ಚು, ಅಲ್ಲಿ ಸುಣ್ಣ ಹಾಕಿ ರಸಸಾರ (ಮಣ್ಣಿನ ಆಮ್ಲ-ಕ್ಷಾರದ ಮಟ್ಟ) ಸರಿಪಡಿಸುವುದೇ ಎಷ್ಟೋ ಸಲ ಸಾಕಾಗುತ್ತದೆ. ಎಳೆಯ ಎಲೆಗಳ ನರ ಹಸಿರಾಗಿ ಉಳಿದು ನಡುಭಾಗ ಹಳದಿಯಾದರೆ ಅದು ಕಬ್ಬಿಣದ ಕೊರತೆ. ಸುಣ್ಣ ಹೆಚ್ಚಿರುವ ಕ್ಷಾರೀಯ ಮಣ್ಣಿನಲ್ಲಿ ಸಾಮಾನ್ಯ. ಸತುವಿನ ಕೊರತೆ ಮಣ್ಣು ಪರೀಕ್ಷೆಯಲ್ಲಿ ಖಚಿತವಾದರೆ, 0.5 ಪ್ರತಿಶತ ಸತುವಿನ ಸಲ್ಫೇಟಿಗೆ ಅದರ ಅರ್ಧದಷ್ಟು ಸುಣ್ಣ ಸೇರಿಸಿ ಸಿಂಪಡಿಸಬಹುದು.

ಎಲ್ಲವನ್ನೂ ಬೆರೆಸಿದ ಸಿದ್ಧ ಮಿಶ್ರಣವನ್ನು ನಾನು ಶಿಫಾರಸು ಮಾಡುವುದಿಲ್ಲ. ಬೋರಾನ್ ಅಗತ್ಯಕ್ಕಿಂತ ತುಸು ಹೆಚ್ಚಾದರೂ ಈ ಬೆಳೆಗೆ ವಿಷವಾಗುತ್ತದೆ. ಲಘು ಪೋಷಕಾಂಶದ ಲವಣಗಳನ್ನು ಜೀವಾಣುವಿನೊಂದಿಗೆ ಒಂದೇ ಪಾತ್ರೆಯಲ್ಲಿ ಕಲಸಲೂಬೇಡಿ; ಹಾಗೆ ಮಾಡಿದರೆ ಬೀಜಕ್ಕೆ ಹತ್ತುವುದು ಸತ್ತ ಜೀವಾಣು.