ಕೊನೆಯ ಪುಟದಲ್ಲಿ ಅಮ್ಮ ಬರುತ್ತಾಳೆಯೇ?

ಶಾಲೆಗಳು ತೆರೆಯುವ ಹೊತ್ತಿಗೆ ಒಂದೇ ಪ್ರಶ್ನೆ ಹತ್ತು ವೇಷದಲ್ಲಿ ಬರುತ್ತದೆ: ಶಾಲೆಗೆ ಹೆದರುವ ಮಗುವಿಗೆ ಯಾವ ಚಿತ್ರಪುಸ್ತಕ ಓದಿ ಹೇಳಬೇಕು? ಪುಸ್ತಕದ ಹೆಸರನ್ನು ಮಾತ್ರೆಯ ಹೆಸರಿನಂತೆ ಚೀಟಿಯಲ್ಲಿ ಬರೆದುಕೊಡಲು ನನ್ನಿಂದಾಗದು. ಆದ್ದರಿಂದ ಈ ಸಲ ಒಂದು ಪತ್ರಕ್ಕೆ ವಿಸ್ತಾರವಾಗಿ ಉತ್ತರಿಸುತ್ತೇನೆ.

ಪ್ರಶ್ನೆ: ನಾಲ್ಕು ವರ್ಷದ ಮಗಳು ಎಲ್‌ಕೆಜಿಗೆ ಸೇರಿ ಹತ್ತು ದಿನವಾಯಿತು. ಶಾಲೆಯ ಭಯದ ಬಗೆಗಿನ ಮೂರು ಚಿತ್ರಪುಸ್ತಕಗಳನ್ನು ತರಿಸಿ ದಿನವೂ ರಾತ್ರಿ ಓದುತ್ತೇನೆ. "ನೋಡು, ಕರಡಿಮರಿಯೂ ನಿನ್ನ ಹಾಗೆಯೇ ಅಳುತ್ತಿತ್ತು, ಆಮೇಲೆ ಜಾಣ ಆಯಿತು" ಎಂದು ತಿಳಿಹೇಳುತ್ತೇನೆ. ಈಗ ಪುಸ್ತಕ ಕೈಗೆತ್ತಿಕೊಂಡರೆ ಸಾಕು, "ನಾಳೆ ಸ್ಕೂಲಾ?" ಎಂದು ಅಳು ಶುರು. ತಪ್ಪು ಪುಸ್ತಕದ್ದೋ, ನನ್ನದೋ?

ಉತ್ತರ: ಇಬ್ಬರದೂ. ಚಿತ್ರಪುಸ್ತಕಗಳು ಸಾಮಾನ್ಯವಾಗಿ 32 ಪುಟಗಳವು; ಮುದ್ರಣದ ದೊಡ್ಡ ಹಾಳೆಯನ್ನು ಮಡಿಸುವ ಲೆಕ್ಕಕ್ಕೆ ಅದು ಹೊಂದುತ್ತದೆ. ನಿಮ್ಮ ಮೂರೂ ಪುಸ್ತಕಗಳನ್ನು ಮುಂದಿಟ್ಟುಕೊಂಡು, ಅಳುವಿಗೆ ಎಷ್ಟು ಪುಟ, ಶಾಲೆಯೊಳಗಿನ ದಿನಕ್ಕೆ ಎಷ್ಟು, ಮನೆಗೆ ಮರಳುವುದಕ್ಕೆ ಎಷ್ಟು ಎಂದು ಎಣಿಸಿ ನೋಡಿ. ನಾನು ಕಂಡ ಹಲವು ಪುಸ್ತಕಗಳು ಭಯವನ್ನು ಬಣ್ಣಬಣ್ಣವಾಗಿ ಬಿಡಿಸಿ, ಸಮಾಧಾನವನ್ನು ಕೊನೆಯ ಎರಡು ಪುಟಗಳಲ್ಲಿ ಮುಗಿಸಿಬಿಡುತ್ತವೆ. ನಾಲ್ಕರ ಮಗುವಿಗೆ ಇರುವ ಪ್ರಶ್ನೆಯಾದರೋ ಒಂದೇ: ಅಮ್ಮ ವಾಪಸು ಬರುತ್ತಾಳೆಯೇ, ಯಾವಾಗ? ಗಡಿಯಾರ ತಿಳಿಯದ ಅವಳಿಗೆ ಹನ್ನೆರಡೂವರೆ ಎಂದರೆ ಏನೂ ಅಲ್ಲ. ಡಬ್ಬಿ ಖಾಲಿಯಾಗಿ, ಹಾಡು ಮುಗಿದು, ಶೂ ಹಾಕಿಕೊಂಡ ಮೇಲೆ ಅಮ್ಮ ಎಂದರೆ ಅರ್ಥವಾಗುತ್ತದೆ. ಆ ಕ್ರಮವನ್ನು ತೋರಿಸುವ ಪುಸ್ತಕವನ್ನು ಆರಿಸಿ. ಅಂಗಡಿಯಲ್ಲಿ ಮೊದಲು ಕೊನೆಯ ಪುಟ ತೆರೆಯಿರಿ.

ಎಲ್ಲರೂ ಹೊಗಳುವ ಪುಸ್ತಕ ಎಲ್ಲ ವಯಸ್ಸಿಗೂ ಸಲ್ಲುವುದಿಲ್ಲ. ಜೂಲಿ ಡಾನೆಬರ್ಗ್ ಅವರ 'ಫಸ್ಟ್ ಡೇ ಜಿಟರ್ಸ್' (2000) ಪುಸ್ತಕದಲ್ಲಿ ಹೊದಿಕೆಯೊಳಗೆ ಅವಿತು ಶಾಲೆಗೆ ಒಲ್ಲೆನೆನ್ನುವವಳು ಹೊಸ ಶಿಕ್ಷಕಿಯೆಂಬುದು ಕೊನೆಗೆ ಬಯಲಾಗುತ್ತದೆ. ತಾನು ಇಷ್ಟು ಹೊತ್ತು ನಂಬಿದ್ದು ತಪ್ಪೆಂದು ಕಂಡು ನಗುವ ಶಕ್ತಿ ನಾಲ್ಕೈದು ವರ್ಷದ ಸುಮಾರಿಗೆ ಚಿಗುರುವುದರಿಂದ, ಶಾಲೆ ಬದಲಿಸುತ್ತಿರುವ ಏಳರ ಮಗುವಿಗೆ ಅದು ಸೊಗಸಾದ ಪುಸ್ತಕ, ನಿಮ್ಮ ಮಗಳಿಗೆ ಸದ್ಯ ಬೇಡ. ಆಡ್ರೆ ಪೆನ್ ಅವರ 'ದಿ ಕಿಸ್ಸಿಂಗ್ ಹ್ಯಾಂಡ್' (1993) ಪುಸ್ತಕದಲ್ಲಿ ತಾಯಿ ರಕೂನ್ (ಅಮೆರಿಕದ ಒಂದು ಪುಟ್ಟ ಕಾಡುಪ್ರಾಣಿ) ಮರಿಯ ಅಂಗೈಗೆ ಮುತ್ತಿಟ್ಟು ಶಾಲೆಗೆ ಕಳುಹಿಸುತ್ತಾಳೆ. ನಮ್ಮ ಮಕ್ಕಳಿಗೆ ರಕೂನ್ ಎಂದರೇನೆಂದು ವಿವರಿಸುವುದರಲ್ಲೇ ಕಥೆ ತಣ್ಣಗಾಗುತ್ತದೆ. ಪುಸ್ತಕ ಬಿಟ್ಟು ಉಪಾಯವನ್ನಷ್ಟೇ ತೆಗೆದುಕೊಂಡು, ಅವಳ ಅಂಗೈಯಲ್ಲೊಂದು, ನಿಮ್ಮ ಅಂಗೈಯಲ್ಲೊಂದು ಪುಟ್ಟ ಹೂವನ್ನು ಪೆನ್ನಿನಿಂದ ಬಿಡಿಸಿಕೊಳ್ಳಿ.

ಇನ್ನು ನಿಮ್ಮ ಪಾಲು. ಕತ್ತಲು, ನಿದ್ದೆ, ನಾಳೆಯ ಶಾಲೆ, ಈ ಮೂರನ್ನೂ ಪುಸ್ತಕದೊಂದಿಗೆ ಕಟ್ಟಿಹಾಕಿದವರು ನೀವೇ. ಅದನ್ನು ಮಧ್ಯಾಹ್ನ, ಅವಳು ಶಾಲೆಯಿಂದ ಬಂದು ಊಟ ಮಾಡಿದ ಮೇಲೆ ಓದಿ. ಅಮ್ಮ ಬಂದೇ ಬರುತ್ತಾಳೆ ಎಂಬುದಕ್ಕೆ ಆಗ ನೀವೇ ಎದುರಿಗೆ ಕುಳಿತ ಸಾಕ್ಷಿ. "ನಿನ್ನ ಹಾಗೆಯೇ" ಎನ್ನಬೇಡಿ. ಕರಡಿಯ ಮರೆಯಲ್ಲಿ ನಿಂತು ತನ್ನ ಭಯವನ್ನು ನೋಡುವ ಅನುಕೂಲ ಮಗುವಿಗಿರುತ್ತದೆ, ಆ ಮರೆಯನ್ನು ನೀವು ಎಳೆದುಬಿಡುತ್ತೀರಿ. ಅತ್ತದ್ದು ನಿಂತ ಮೇಲೆ "ಜಾಣ ಆಯಿತು" ಎಂದರೆ ಅಳುವ ನೀನು ದಡ್ಡಿ ಎಂದೇ ಅವಳಿಗೆ ಕೇಳಿಸುತ್ತದೆ.

ನನ್ನನ್ನು ಕೇಳಿದರೆ, ಆರು ಹಾಳೆ ಹೊಲಿದು ನೀವೇ ಒಂದು ಪುಸ್ತಕ ಮಾಡಿ: ಗೇಟು, ಮಿಸ್, ಅವಳು ಕೂರುವ ಜಾಗ, ಡಬ್ಬಿ, ಶೌಚಾಲಯ, ಕೊನೆಗೆ ಗೇಟಿನ ಬಳಿ ನೀವು. ಶೌಚಾಲಯವನ್ನು ಬಿಡಬೇಡಿ. ಅಚ್ಚಾದ ಪುಸ್ತಕಗಳು ಅದನ್ನು ತೋರಿಸುವುದು ಅಪರೂಪ, ನನ್ನೆದುರು ಕುಳಿತ ಎಷ್ಟೋ ಮಕ್ಕಳ ಭಯವಾದರೋ ಅಲ್ಲಿಯೇ ಇತ್ತು. ಆ ಕೊನೆಯ ಹಾಳೆ ಸುಳ್ಳಾಗದಂತೆ ಹೊತ್ತಿಗೆ ಸರಿಯಾಗಿ ಗೇಟಿನ ಬಳಿ ಇರಿ. ಬೆಳಿಗ್ಗೆ ಅವಳ ಕಣ್ಣು ತಪ್ಪಿಸಿ ಹೊರಡುತ್ತಿದ್ದರೆ ಈ ಯಾವ ಪುಸ್ತಕವೂ ಕೆಲಸಕ್ಕೆ ಬಾರದು.

ಪ್ರಶ್ನೆ: ಪುಸ್ತಕದ ಬದಲು ಮೊಬೈಲಿನಲ್ಲಿ ಅದೇ ಕಥೆಯ ವಿಡಿಯೋ ತೋರಿಸಬಹುದೇ?

ಉತ್ತರ: ಬೇಡ. ಭಯವಾದ ಪುಟವನ್ನು ಮಗು ತಾನೇ ಮಗುಚಬೇಕು.

ಪ್ರಶ್ನೆ: ಹಣ ಕೊಡದೆ ಕನ್ನಡದಲ್ಲಿ ಚಿತ್ರಪುಸ್ತಕಗಳು ಸಿಗುತ್ತವೆಯೇ?

ಉತ್ತರ: ಬೆಂಗಳೂರಿನ ಪ್ರಥಮ್ ಬುಕ್ಸ್ ಪ್ರಕಾಶನ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿವೆ.

ಪ್ರಶ್ನೆ: ಮಗುವಿನ ಹೆದರಿಕೆಗೆ ತಾಯತ ಕಟ್ಟಿಸಿ ಎನ್ನುತ್ತಾರೆ. 'ಮಿಡ್‌ಬ್ರೈನ್' ಚುರುಕುಗೊಳಿಸುವ ತರಗತಿಗೂ ಕರೆಯುತ್ತಿದ್ದಾರೆ.

ಉತ್ತರ: ಅಜ್ಜಿ ಉಪ್ಪು, ಮೆಣಸಿನಕಾಯಿ ನಿವಾಳಿಸಿದರೆ ನನ್ನ ತಕರಾರಿಲ್ಲ, ಅವರು ಫೀಸು ಕೇಳುವುದಿಲ್ಲ. ಮಗುವಿನ ಎದುರೇ "ಗಾಳಿ ಸೋಕಿದೆ" ಎಂದು ಹೇಳಿ ಹಣ ಎಣಿಸಿಕೊಳ್ಳುವವನು ಇಲ್ಲದ ಭಯವೊಂದನ್ನು ಹೊಸದಾಗಿ ಹುಟ್ಟಿಸುತ್ತಾನೆ. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ಆ ತರಗತಿಯವರು ಶುದ್ಧ ಮೋಸಗಾರರು.

ಪ್ರಶ್ನೆ: ಎರಡನೇ ತರಗತಿಯ ಮಗನಿಗೆ ಒಂದೂವರೆ ತಿಂಗಳಿನಿಂದ ಬೆಳಿಗ್ಗೆ ಹೊಟ್ಟೆನೋವು, ಭಾನುವಾರ ಮಾತ್ರ ಇಲ್ಲ. ಒಂದು ಒಳ್ಳೆಯ ಪುಸ್ತಕ ಸೂಚಿಸಿ.

ಉತ್ತರ: ಸೂಚಿಸುವುದಿಲ್ಲ. ಆ ನೋವನ್ನು ನಾಟಕವೆನ್ನದೆ ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ. ಶಾಲೆಯಲ್ಲೋ ವ್ಯಾನಿನಲ್ಲೋ ಯಾರಾದರೂ ಹೊಡೆಯುತ್ತಾರೆಯೇ, ಹಂಗಿಸುತ್ತಾರೆಯೇ, ಮುಟ್ಟಬಾರದಲ್ಲಿ ಮುಟ್ಟುತ್ತಾರೆಯೇ ಎಂದು ಅವನೊಬ್ಬನೇ ಇರುವಾಗ ಅವಸರಪಡದೆ ಕೇಳಿ. ಇಂಥ ಅಂಜಿಕೆ ನಾಲ್ಕು ವಾರ ದಾಟಿದರೆ ಮಕ್ಕಳ ಮನೋವೈದ್ಯರನ್ನು ಕಾಣಬೇಕು. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು. ನೀವು ಈಗಾಗಲೇ ಎರಡು ವಾರ ತಡಮಾಡಿದ್ದೀರಿ.