ಬಿಸಿ ಕುಕೀಸ್ ಡಬ್ಬಕ್ಕೆ ಹಾಕಬೇಡಿ

ಬಾದಾಮಿ, ಅಕ್ರೋಟ್ ಹಾಕಿದ ಕುಕೀಸ್ ಮೂರನೇ ದಿನಕ್ಕೆ ಮೆತ್ತಗಾಗುತ್ತವೆ, ಆಮೇಲೆ ಹಳೇ ಎಣ್ಣೆ ವಾಸನೆ ಬರುತ್ತದೆ, ಡಬ್ಬ ಬದಲಿಸಿದರೂ ಅಷ್ಟೇ ಅಂತ ಕೇಳಿದ್ದೀರಿ. ಇದು ಒಂದಲ್ಲ, ಎರಡು ತೊಂದರೆ. ಎರಡೂ ಶುರುವಾಗುವುದು ಡಬ್ಬಕ್ಕೆ ಹಾಕುವ ಮೊದಲೇ.

ಮೆತ್ತಗಾಗುವುದು ತೇವದಿಂದ. ನಾನೂ ಒಮ್ಮೆ ಆತುರದಲ್ಲಿ ಉಗುರುಬೆಚ್ಚಗಿದ್ದ ಕುಕೀಸನ್ನೇ ಡಬ್ಬಕ್ಕೆ ತುಂಬಿ ಮುಚ್ಚಿಬಿಟ್ಟೆ. ಬೆಳಿಗ್ಗೆ ನೋಡಿದರೆ ಮುಚ್ಚಳದ ಒಳಗೆಲ್ಲ ನೀರಿನ ಹನಿ. ಮುರಿದಾಗ ಟಕ್ ಅನ್ನಬೇಕಾದದ್ದು ಒದ್ದೆ ರಟ್ಟಿನ ಹಾಗೆ ಬಾಗಿತು. ಅಂದಿನಿಂದ ಟ್ರೇಯಲ್ಲಿ ಐದು ನಿಮಿಷ ಬಿಟ್ಟು, ಜಾಲರಿ ಮೇಲೆ ಹರಡಿ, ಕನಿಷ್ಠ ಒಂದು ಗಂಟೆ ಮುಟ್ಟುವುದಿಲ್ಲ. ಮೇಲ್ಭಾಗ ಬೇಗ ಆರುತ್ತದೆ, ಮೋಸ ಹೋಗಬೇಡಿ. ಒಂದನ್ನು ಎತ್ತಿ ಅದರ ತಳವನ್ನು ಮುಂಗೈಗೆ ತಾಗಿಸಿ ನೋಡಿ, ಸ್ವಲ್ಪ ಬಿಸಿ ಅನ್ನಿಸಿದರೂ ಕಾಯಿರಿ.

ಬೇಯುವುದು ಕಡಿಮೆಯಾದರೂ ಇದೇ ಕಥೆ. ನನ್ನ ಲೆಕ್ಕ ಇದು: 200 ಗ್ರಾಂ ಮೈದಾ, 120 ಗ್ರಾಂ ಬೆಣ್ಣೆ, 90 ಗ್ರಾಂ ಸಕ್ಕರೆ ಪುಡಿ, 100 ಗ್ರಾಂ ಬಾದಾಮಿ ಚೂರು, ಚಿಟಿಕೆ ಉಪ್ಪು. ಹಿಟ್ಟು ಒಂದುಗೂಡಿದ ಕೂಡಲೇ ಕೈ ನಿಲ್ಲಿಸಿ, ಜಾಸ್ತಿ ನಾದಿದರೆ ಗಟ್ಟಿಯಾಗುತ್ತದೆ. ಎಲ್ಲವನ್ನೂ ಒಂದೇ ದಪ್ಪಕ್ಕೆ ತಟ್ಟಿ 170 ಡಿಗ್ರಿ ಸೆಲ್ಸಿಯಸ್‌ನಲ್ಲಿ 14ರಿಂದ 16 ನಿಮಿಷ, ಅಂಚು ಹೊಂಬಣ್ಣಕ್ಕೆ ತಿರುಗುವವರೆಗೆ ಬೇಯಿಸಿ. ಹೊರಗೆ ತೆಗೆದಾಗ ನಡುವೆ ಸ್ವಲ್ಪ ಮೆತ್ತಗಿರುತ್ತದೆ, ಹೆದರಬೇಡಿ, ಆರುತ್ತಾ ಗರಿಗರಿಯಾಗುತ್ತದೆ. ಒಂದೊಂದು ಓವನ್ನಿನ ಬಿಸಿ ಒಂದೊಂದು ಥರ, ಹಾಗಾಗಿ ಗಡಿಯಾರಕ್ಕಿಂತ ಬಣ್ಣವನ್ನು ನಂಬಿ.

ಇನ್ನು ವಾಸನೆ. ಅದು ಕಮಟು, ಬೀಜದಲ್ಲಿರುವ ಎಣ್ಣೆ ಗಾಳಿ, ಬೆಳಕು, ಬಿಸಿಗೆ ಸಿಕ್ಕಿ ಕೆಟ್ಟದ್ದು. ಅಕ್ರೋಟ್ ಇದರಲ್ಲಿ ಎಲ್ಲಕ್ಕಿಂತ ನಾಜೂಕು, ಬಾದಾಮಿ ಅದಕ್ಕಿಂತ ಜಾಸ್ತಿ ದಿನ ತಡೆಯುತ್ತದೆ. ನಿಮ್ಮ ಅಕ್ರೋಟ್ ತೆರೆದ ಪ್ಯಾಕೆಟ್‌ನಲ್ಲಿ ತಿಂಗಳುಗಟ್ಟಲೆ ಕೂತಿತ್ತು ಅಲ್ವಾ? ಹಾಕುವ ಮೊದಲು ಒಂದು ಚೂರು ಬಾಯಿಗೆ ಹಾಕಿ ನೋಡಿ. ಅಕ್ರೋಟ್ ಸಿಪ್ಪೆಯ ಸಣ್ಣ ಒಗರು ಸಹಜ, ಆದರೆ ಗಂಟಲಲ್ಲಿ ಹಳೇ ಎಣ್ಣೆ ರುಚಿ ಉಳಿದರೆ ಆ ಪ್ಯಾಕೆಟ್ ಬೇಡ, ಎಷ್ಟು ಸಕ್ಕರೆ ಹಾಕಿದರೂ ಅದು ಮುಚ್ಚುವುದಿಲ್ಲ. ಉಳಿದ ಬೀಜ ಫ್ರೀಜರ್‌ನಲ್ಲಿರಲಿ. ಬೀಜವನ್ನು ಮೊದಲೇ ಹುರಿದುಕೊಂಡರೆ ರುಚಿ ಏರುತ್ತದೆ ನಿಜ, ಆದರೆ ಹುರಿದದ್ದು ಬೇಗ ಕಮಟಾಗುತ್ತದೆ. ಹಾಗಾಗಿ ಅವತ್ತು ಬೇಕಾದಷ್ಟನ್ನೇ ಹುರಿದು, ಪೂರ್ತಿ ಆರಿಸಿ, ಚಾಕುವಿನಲ್ಲಿ ಹೆಚ್ಚಿ. ಬಿಸಿ ಇದ್ದಾಗಲೇ ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ.

ಡಬ್ಬ ಸ್ಟೀಲಿನದೋ ಗಾಜಿನದೋ ಇರಲಿ, ಗಾಳಿ ಆಡದಂತೆ ಮುಚ್ಚಬೇಕು, ಒಲೆಯಿಂದ ದೂರ ಇಡಬೇಕು. ಅದೇ ಡಬ್ಬಕ್ಕೆ ಕೇಕ್ ತುಂಡು ಮಾತ್ರ ಸೇರಿಸಬೇಡಿ, ಅದರ ತೇವವನ್ನೆಲ್ಲ ಕುಕೀಸ್ ಎಳೆದುಕೊಳ್ಳುತ್ತವೆ. ಹೀಗಿಟ್ಟರೆ ನನಗೆ ಹತ್ತು ದಿನ ಗರಿಗರಿಯಾಗೇ ಇರುತ್ತವೆ. ಅದಕ್ಕಿಂತ ಜಾಸ್ತಿ ದಿನಕ್ಕೆ ಬೇಕಿದ್ದರೆ ಬೇಯಿಸಿ ಇಡುವ ಬದಲು ಹಿಟ್ಟಿನ ಉಂಡೆಗಳನ್ನೇ ತಟ್ಟಿ ಫ್ರೀಜರ್‌ನಲ್ಲಿಡಿ, ಬೇಕಾದಾಗ ಹಾಗೇ ಓವನ್ನಿಗೆ ಹಾಕಿ ಎರಡು ನಿಮಿಷ ಜಾಸ್ತಿ ಬೇಯಿಸಿ.

ಈಗ ಮೆತ್ತಗಾಗಿರುವುದನ್ನು 150 ಡಿಗ್ರಿಯಲ್ಲಿ ಐದು ನಿಮಿಷ ಬಿಸಿ ಮಾಡಿ ಆರಿಸಿ, ಬಹುಪಾಲು ಸರಿಯಾಗುತ್ತದೆ. ಕಮಟು ಬಂದದ್ದಕ್ಕೆ ಮದ್ದಿಲ್ಲ, ಸುಮ್ನೆ ಎಸೆದುಬಿಡಿ.