ಡಬ್ಬಿ ತುಂಬ ಹಳೆಯ ಚಿಲ್ಲರೆ: ಇಟ್ಟುಕೊಳ್ಳುವುದೋ, ಕೊಟ್ಟುಬಿಡುವುದೋ?

ನಾಣ್ಯಗಳ ಬಗ್ಗೆ ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಕೇಳುವುದು ಒಂದೇ ಪ್ರಶ್ನೆ: ‘ಇಂಥ ನಾಣ್ಯ ನಮ್ಮಲ್ಲಿದೆ, ಎಷ್ಟು ಲಕ್ಷ ಸಿಗುತ್ತದೆ?’ ಮೊಬೈಲಿನಲ್ಲಿ ಹರಿದಾಡುವ ವಿಡಿಯೊಗಳು ಹುಟ್ಟಿಸಿದ ಈ ಆಸೆಯ ಬೆನ್ನಿಗೇ ಮೋಸಗಾರರು ಬರುತ್ತಾರೆ, ಮತ್ತು ಕಳೆದುಕೊಳ್ಳುವವರು ಯಾವಾಗಲೂ ಕಳೆದುಕೊಳ್ಳಲಾರದವರೇ ಆಗಿರುತ್ತಾರೆ. ಆದ್ದರಿಂದ ಈ ಬಾರಿ ಸಾಮಾನ್ಯ ನಾಣ್ಯಗಳ ಪ್ರಶ್ನೆಗಳನ್ನಷ್ಟೇ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ತಂದೆಯವರು ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಎರಡು ದೊಡ್ಡ ಡಬ್ಬಿಗಳ ತುಂಬ ಹಳೆಯ ನಾಣ್ಯಗಳು ಸಿಕ್ಕಿವೆ. ಒಂದು ಪೈಸೆಯಿಂದ ಎಂಟಾಣೆಯವರೆಗೆ ಎಲ್ಲವೂ ಇವೆ. ಕೆಲವು ತೂತಿನ ಕಾಸುಗಳು, ರಾಜನ ತಲೆಯಿರುವ ಕೆಲವು ರೂಪಾಯಿಗಳೂ ಇವೆ. ಬ್ಯಾಂಕಿನವರು ತೆಗೆದುಕೊಳ್ಳಲಿಲ್ಲ. ಗುಜರಿಗೆ ಹಾಕಲು ಮನಸ್ಸಿಲ್ಲ. ಏನು ಮಾಡಲಿ?

ಮೊದಲಿಗೆ ಒಂದು ಮಾತನ್ನು ಒಪ್ಪಿಕೊಂಡುಬಿಡಿ, ಮುಂದಿನ ತೀರ್ಮಾನಗಳೆಲ್ಲ ಸುಲಭವಾಗುತ್ತವೆ: ಆ ಡಬ್ಬಿಗಳಲ್ಲಿರುವ ಬಹುತೇಕ ನಾಣ್ಯಗಳಿಗೆ ಹೇಳಿಕೊಳ್ಳುವಂಥ ಬೆಲೆಯಿಲ್ಲ. ನಾಣ್ಯದ ವಯಸ್ಸು ಅದರ ಬೆಲೆಯನ್ನು ನಿರ್ಧರಿಸುವುದಿಲ್ಲ. ಎಷ್ಟು ಉಳಿದಿವೆ, ಬೇಕೆನ್ನುವವರು ಎಷ್ಟು ಮಂದಿ, ಸವೆದಿದೆಯೋ ಇಲ್ಲವೋ ಎಂಬ ಮೂರು ಸಂಗತಿಗಳು ನಿರ್ಧರಿಸುತ್ತವೆ. 1835ರ ಈಸ್ಟ್ ಇಂಡಿಯಾ ಕಂಪನಿಯ ಸವೆದ ಕಾಲಾಣೆ ಇಂದಿಗೂ ನಾಣ್ಯ ವ್ಯಾಪಾರಿಗಳ ಬಳಿ ರಾಶಿಯಲ್ಲಿ ಬಿದ್ದಿರುತ್ತದೆ. ಹೀಗಿರುವಾಗ 1970ರ ದಶಕದ ಐದು ಪೈಸೆಯಿಂದ ಏನನ್ನು ನಿರೀಕ್ಷಿಸುತ್ತೀರಿ?

ಹಾಗೆಂದು ಡಬ್ಬಿಯನ್ನು ಇದ್ದಂತೆಯೇ ಯಾರಿಗೂ ಎತ್ತಿಕೊಡಬೇಡಿ. ಒಂದು ಬಿಳಿ ಬಟ್ಟೆ ಹಾಸಿ ನಾಣ್ಯಗಳನ್ನು ಸುರಿಯಿರಿ, ಒಂದು ಅಯಸ್ಕಾಂತವನ್ನೂ ಗ್ರಾಮಿನ ಭಾಗವನ್ನು ತೋರಿಸುವ ಸಣ್ಣ ತಕ್ಕಡಿಯನ್ನೂ ಹತ್ತಿರ ಇಟ್ಟುಕೊಳ್ಳಿ. ಈ ಹಂತದಲ್ಲಿ ಒಂದನ್ನೂ ತೊಳೆಯಬೇಡಿ, ಉಜ್ಜಬೇಡಿ.

ಮೊದಲು ಬೇರೆಯಾಗಬೇಕಾದದ್ದು ಬೆಳ್ಳಿ. ರಾಜ ರಾಣಿಯರ ಚಿತ್ರವಿರುವ ರೂಪಾಯಿಯ ತೂಕ 11.66 ಗ್ರಾಂ. 1939ರವರೆಗಿನವುಗಳಲ್ಲಿ ಸುಮಾರು ಶೇ 91.7ರಷ್ಟು ಬೆಳ್ಳಿಯಿದೆ, 1940ರಿಂದ 1945ರವರೆಗಿನವುಗಳಲ್ಲಿ ಅರ್ಧದಷ್ಟು ಮಾತ್ರ. ಹುಲಿಯ ಚಿತ್ರವಿರುವ 1947ರ ರೂಪಾಯಿಯನ್ನು ಹಿಡಿದುಕೊಂಡು ಬೆಳ್ಳಿಯೆಂದು ಸಂಭ್ರಮಿಸುವವರು ಬಹಳ, ಅದು ನಿಕ್ಕಲ್. ಅಯಸ್ಕಾಂತವನ್ನು ಹತ್ತಿರ ತಂದರೆ ಅದು ಟಕ್ಕನೆ ಅಂಟಿಕೊಳ್ಳುತ್ತದೆ, ಬೆಳ್ಳಿಯ ರೂಪಾಯಿ ಅಲುಗುವುದಿಲ್ಲ. ಬೆಳ್ಳಿಯ ನಾಣ್ಯಗಳಿಗೆ ಕನಿಷ್ಠ ಲೋಹದ ಬೆಲೆಯಾದರೂ ಇದೆ, ಆದರೆ ಅವನ್ನು ನೇರವಾಗಿ ಚಿನಿವಾರರ ಅಂಗಡಿಗೆ ಒಯ್ಯಬೇಡಿ, ಅಲ್ಲಿ ಅವು ಕರಗಿಹೋಗುತ್ತವೆ. ಮೊದಲು ನಾಣ್ಯ ಬಲ್ಲ ಇಬ್ಬರಿಗೆ ಬೇರೆ ಬೇರೆಯಾಗಿ ತೋರಿಸಿ. ಇಸವಿಯೊಂದನ್ನೇ ನೋಡಿ ಹಿಗ್ಗುವುದೂ ಬೇಡ: 1862ರ ವಿಕ್ಟೋರಿಯಾ ರೂಪಾಯಿಯನ್ನು ಅದೇ ಇಸವಿಯೊಂದಿಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಟಂಕಿಸಿದ್ದರಿಂದ ಅದು ಹೇರಳವಾಗಿ ಸಿಗುತ್ತದೆ. 1939ರ ರೂಪಾಯಿ ನಿಜಕ್ಕೂ ವಿರಳ, ಅದಕ್ಕಾಗಿಯೇ ಅದರ ನಕಲಿಗಳೂ ಇವೆ.

ಎರಡನೆಯ ರಾಶಿ, ಇಂದಿಗೂ ಚಲಾವಣೆಯ ಮಾನ್ಯತೆ ಇರುವವು: ಐವತ್ತು ಪೈಸೆ ಮತ್ತು ಅದಕ್ಕೆ ಮೇಲ್ಪಟ್ಟವು. ಅಂಗಡಿಗಳಲ್ಲಿ ಎಂಟಾಣೆಯನ್ನು ನಿರಾಕರಿಸುವುದು ರೂಢಿಯಾಗಿರಬಹುದು, ಕಾನೂನಿನಲ್ಲಿ ಅದು ರದ್ದಾಗಿಲ್ಲ. ಒಂದೊಂದು ಮುಖಬೆಲೆಯದನ್ನೂ ನೂರು ನೂರರಂತೆ ಎಣಿಸಿ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿಕೊಂಡು ಹೋದರೆ ಬ್ಯಾಂಕಿನಲ್ಲಿ ಅರ್ಧ ತಕರಾರು ಕಡಿಮೆಯಾಗುತ್ತದೆ. ಇವನ್ನು ಗುಜರಿಗೆ ಹಾಕುವ ಯೋಚನೆ ಮಾತ್ರ ಬೇಡ, ಚಲಾವಣೆಯ ನಾಣ್ಯವನ್ನು ಕರಗಿಸುವುದು 2011ರ ನಾಣ್ಯ ಕಾಯಿದೆಯ ಪ್ರಕಾರ ಅಪರಾಧ.

ಮೂರನೆಯದು ನಾಲ್ಕಾಣೆ, ಅಂದರೆ 25 ಪೈಸೆ, ಮತ್ತು ಅದಕ್ಕಿಂತ ಕೆಳಗಿನವು. ಇವು 2011ರ ಜೂನ್ 30ರಿಂದ ಮಾನ್ಯತೆ ಕಳೆದುಕೊಂಡಿವೆ, ಬದಲಾಯಿಸಿಕೊಳ್ಳಲು ಅದಕ್ಕೆ ಮೊದಲೇ ಕಾಲಾವಕಾಶ ಕೊಡಲಾಗಿತ್ತು. ಈ ನಾಣ್ಯಗಳ ವಿಷಯದಲ್ಲಿ ಬ್ಯಾಂಕಿನ ಸಿಬ್ಬಂದಿಯ ಮೇಲೆ ನೀವು ಸಿಟ್ಟಾಗುವುದರಲ್ಲಿ ಅರ್ಥವಿಲ್ಲ. 1957ರ ದಶಮಾಂಶ ಪದ್ಧತಿಗೆ ಮೊದಲಿನ ಬೆಳ್ಳಿಯಲ್ಲದ ಆಣೆಗಳನ್ನೂ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಹ ಉಳಿಸಲೆಂದು 1943ರಿಂದ ಟಂಕಿಸಿದ ತೂತಿನ ಕಾಸುಗಳನ್ನೂ ಇದೇ ರಾಶಿಗೆ ಸೇರಿಸಿ.

ನಿಮ್ಮ ನಿಜವಾದ ಪ್ರಶ್ನೆ ಇರುವುದು ಈ ಮೂರನೆಯ ರಾಶಿಯ ಬಗ್ಗೆ. ಅಲ್ಯೂಮಿನಿಯಮ್ಮಿನ ಒಂದು ಪೈಸೆಯ ತೂಕ 0.75 ಗ್ರಾಂ, ಒಂದು ಕಿಲೋಗೆ 1,300ಕ್ಕೂ ಹೆಚ್ಚು ನಾಣ್ಯಗಳು, ಅವುಗಳ ಒಟ್ಟು ಮುಖಬೆಲೆ 13 ರೂಪಾಯಿ. ಇವನ್ನು ಒಂದೊಂದಾಗಿ ಫೋಟೊ ತೆಗೆದು ಮಾರಾಟಕ್ಕಿಡುವುದು ಜೀವಮಾನದ ಬಿಡುವನ್ನು ಹಾಳುಮಾಡಿಕೊಳ್ಳುವ ಕೆಲಸ, ಕೊರಿಯರ್ ಖರ್ಚೇ ನಾಣ್ಯದ ಬೆಲೆಯನ್ನು ಮೀರುತ್ತದೆ. ಅದರ ಬದಲು ಒಂದು ಸಂಜೆ ಮನೆಯ ಮಕ್ಕಳನ್ನು ಕೂರಿಸಿಕೊಂಡು ಪ್ರತಿಯೊಂದು ಬಗೆಯಲ್ಲೂ ಅತಿ ಕಡಿಮೆ ಸವೆದ ಒಂದೊಂದನ್ನು ಆರಿಸಿ. ಚೌಕದ ಒಂದು ಪೈಸೆ ಮತ್ತು ಐದು ಪೈಸೆ, ಅಲೆಯಂಚಿನ ಎರಡು ಪೈಸೆ ಮತ್ತು ಹತ್ತು ಪೈಸೆ, ಆರು ಮೂಲೆಯ ಮೂರು ಪೈಸೆ: ಓದು ಬಾರದವರೂ ಕೈಯಿಂದ ಮುಟ್ಟಿಯೇ ಗುರುತಿಸಲು ಅನುಕೂಲವಾಗಿದ್ದ ಆಕಾರಗಳಿವು. ಆಮೇಲೆ ಭೂತಗನ್ನಡಿ ಹಿಡಿದು ಇಸವಿಯ ಕೆಳಗೆ ನೋಡಿ. ವಜ್ರಾಕೃತಿಯ ಗುರುತಿದ್ದರೆ ಅದು ಮುಂಬೈ ಟಂಕಸಾಲೆಯದು, ನಕ್ಷತ್ರವಿದ್ದರೆ ಹೈದರಾಬಾದಿನದು, ದುಂಡು ಚುಕ್ಕಿಯಿದ್ದರೆ 1988ರಲ್ಲಿ ಆರಂಭವಾದ ನೋಯ್ಡಾದ್ದು, ಯಾವ ಗುರುತೂ ಇಲ್ಲದಿದ್ದರೆ ಕೋಲ್ಕತ್ತದ್ದು. ಇಸವಿ ಮತ್ತು ಟಂಕಸಾಲೆಯ ಪ್ರಕಾರ ಜೋಡಿಸುತ್ತ ಹೋದರೆ, ಬಿಡಿಯಾಗಿ ಬೆಲೆಯಿಲ್ಲದ ನಾಣ್ಯಗಳೂ ಒಂದು ಚೊಕ್ಕ ಸಂಗ್ರಹವಾಗುತ್ತವೆ. ಆರಿಸಿದವನ್ನು ಕಾಗದದ ಸಣ್ಣ ಲಕೋಟೆಗಳಲ್ಲಿಟ್ಟು, ಅದು ಯಾರ ಡಬ್ಬಿಯದೆಂದು ನಿಮ್ಮ ತಂದೆಯವರ ಹೆಸರಿನೊಂದಿಗೆ ಬರೆದಿಡಿ. ಮೆತ್ತನೆಯ ಪಿವಿಸಿ ಹಾಳೆಗಳ ಆಲ್ಬಮ್ ಕೊಳ್ಳಬೇಡಿ, ಕೆಲವು ವರ್ಷಗಳಲ್ಲಿ ತಾಮ್ರ ಬೆರೆತ ನಾಣ್ಯಗಳ ಮೇಲೆ ಹಸಿರು ಜಿಗುಟು ಕಾಣಿಸಿಕೊಳ್ಳುತ್ತದೆ.

ಉಳಿದದ್ದನ್ನು ಕೊಟ್ಟುಬಿಡಿ. ಹೊಸದಾಗಿ ಸಂಗ್ರಹ ಶುರುಮಾಡಿದ ಹುಡುಗರಿಗೆ, ಆಣೆ ಪೈಸೆಯ ಲೆಕ್ಕವನ್ನು ಕಣ್ಣಿಗೆ ತೋರಿಸಿ ಕಲಿಸಬೇಕೆನ್ನುವ ಶಾಲೆಯ ಮೇಷ್ಟ್ರಿಗೆ ಕೊಡಿ. ನಾಣ್ಯ ವ್ಯಾಪಾರಿ ಯಾರಾದರೂ ರಾಶಿಗೆ ಒಟ್ಟಾಗಿ ಇಷ್ಟೆಂದು ಹೇಳಿದರೆ, ಬೆಳ್ಳಿಯನ್ನು ಬೇರೆ ಮಾಡಿದ ಮೇಲೆ, ಚೌಕಾಸಿ ಮಾಡದೆ ಒಪ್ಪಿಕೊಳ್ಳಿ. ಆದರೆ ದಯವಿಟ್ಟು ದೇವಸ್ಥಾನದ ಹುಂಡಿಗೆ ಸುರಿದು ಕೈತೊಳೆದುಕೊಳ್ಳಬೇಡಿ. ನಿಮ್ಮ ಬ್ಯಾಂಕು ತೆಗೆದುಕೊಳ್ಳದ್ದನ್ನು ದೇವಸ್ಥಾನದ ಬ್ಯಾಂಕೂ ತೆಗೆದುಕೊಳ್ಳುವುದಿಲ್ಲ; ಎಣಿಸಿ, ಬೇರ್ಪಡಿಸಿ, ಮೂಲೆಗೆ ಹಾಕುವ ಕಷ್ಟ ಅಲ್ಲಿನವರದಾಗುತ್ತದೆ.

ಪ್ರಶ್ನೆ: ವೈಷ್ಣೋದೇವಿಯ ಚಿತ್ರವಿರುವ ಐದು ರೂಪಾಯಿ ನಾಣ್ಯಕ್ಕೆ ಹತ್ತು ಲಕ್ಷ ಸಿಗುವುದು ನಿಜವೇ?

ಸುಳ್ಳು. ಅದು 2012ರ ಸ್ಮಾರಕ ನಾಣ್ಯ, ಇಂದಿಗೂ ಐದು ರೂಪಾಯಿಗೆ ನಡೆಯುತ್ತದೆ.

ಪ್ರಶ್ನೆ: ಕಮಲದ ಚಿತ್ರವಿರುವ ಹಳದಿ ಬಣ್ಣದ ಇಪ್ಪತ್ತು ಪೈಸೆಯಲ್ಲಿ ಚಿನ್ನವಿದೆಯೇ?

ಇಲ್ಲ. ತಾಮ್ರಕ್ಕೆ ಅಲ್ಯೂಮಿನಿಯಂ ಬೆರೆಸಿದ್ದರಿಂದ ಬಂದ ಬಣ್ಣ ಅದು.

ಪ್ರಶ್ನೆ: ತಾಮ್ರದ ಕಾಸುಗಳನ್ನು ಹುಣಸೆಹಣ್ಣಿನಿಂದ ಬೆಳಗಿ ಮಾರಿದರೆ ಹೆಚ್ಚು ಬೆಲೆ ಬರುವುದಿಲ್ಲವೇ?

ಬೆಳಗಿದ ನಾಣ್ಯವನ್ನು ಬಲ್ಲವರು ಕೈಯಲ್ಲೂ ಮುಟ್ಟುವುದಿಲ್ಲ. ಪೂಜೆಯ ತಂಬಿಗೆಯನ್ನು ಬೆಳಗಿ, ನಾಣ್ಯವನ್ನು ಬಿಟ್ಟುಬಿಡಿ.

ಪ್ರಶ್ನೆ: ನನ್ನ ನಾಣ್ಯಗಳ ಫೋಟೊ ನೋಡಿದ ಕಂಪನಿಯೊಂದು 28 ಲಕ್ಷ ಕೊಡಲು ಒಪ್ಪಿದೆ. ರಿಸರ್ವ್ ಬ್ಯಾಂಕಿನ ಪತ್ರವನ್ನೂ ವಾಟ್ಸ್ಆ್ಯಪಿನಲ್ಲಿ ಕಳಿಸಿದ್ದಾರೆ. ನೋಂದಣಿ ಶುಲ್ಕ ಮತ್ತು ತೆರಿಗೆ ಮುಂಗಡವಾಗಿ ಕಟ್ಟಬೇಕಂತೆ. ಕಟ್ಟಬಹುದೇ?

ಒಂದು ರೂಪಾಯಿಯನ್ನೂ ಕಟ್ಟಬೇಡಿ. ರಿಸರ್ವ್ ಬ್ಯಾಂಕ್ ಇಂಥ ವ್ಯವಹಾರದಲ್ಲಿ ತೊಡಗಿಲ್ಲ, ಯಾವ ಶುಲ್ಕವನ್ನೂ ಕಮಿಷನ್ನನ್ನೂ ಕೇಳುವುದಿಲ್ಲ, ತನ್ನ ಹೆಸರಿನಲ್ಲಿ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು 2021ರ ಆಗಸ್ಟಿನಲ್ಲಿ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿದೆ. ಕೊಳ್ಳುವವನು ದುಡ್ಡು ಕೊಡಬೇಕು. ಮಾರುವವನಿಂದಲೇ ದುಡ್ಡು ಕೇಳಿದರೆ ಅಲ್ಲಿ ವ್ಯಾಪಾರವಿಲ್ಲ. ಈಗಾಗಲೇ ಕಟ್ಟಿದ್ದರೆ ನಾಚಿಕೆಪಡದೆ ಕೂಡಲೇ ಸೈಬರ್ ವಂಚನೆಯ ದೂರುಗಳಿಗಾಗಿ ಇರುವ 1930 ಸಹಾಯವಾಣಿಗೆ ದೂರು ಕೊಡಿ. ತಡಮಾಡಿದಷ್ಟೂ ಹಣ ಕೈತಪ್ಪುತ್ತದೆ.

ಪ್ರಶ್ನೆ: ರಾಮ, ಸೀತೆಯರ ಚಿತ್ರ, ಹಿಂಬದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ, ಒಂದು ಆಣೆ, 1818 ಎಂದಿರುವ ತಾಮ್ರದ ನಾಣ್ಯ ಅಕ್ಕಿಕಾಳನ್ನು ಎಳೆಯುತ್ತದೆ ಎನ್ನುತ್ತಾರೆ. ಪರೀಕ್ಷೆ ಮಾಡಿಸಲು ಹಣ ಕೇಳುತ್ತಿದ್ದಾರೆ.

ಕಂಪನಿ ಇಂಥ ನಾಣ್ಯವನ್ನು ಟಂಕಿಸಿಯೇ ಇಲ್ಲ. ಚಲಾವಣೆಗೆ ಬಂದ ಒಂದು ಆಣೆಯ ನಾಣ್ಯ ಶುರುವಾದದ್ದು 20ನೆಯ ಶತಮಾನದ ಮೊದಲ ದಶಕದಲ್ಲಿ, ಅದೂ ತಾಮ್ರ ನಿಕ್ಕಲ್ ಮಿಶ್ರಲೋಹದಲ್ಲಿ. ನಿಮ್ಮ ಕೈಯಲ್ಲಿರುವುದು ನಾಣ್ಯದಂತೆ ಕಾಣುವ ಬಿಲ್ಲೆ. ತಾಮ್ರ ಅಕ್ಕಿಯನ್ನು ಎಳೆಯುವುದಿಲ್ಲ. ಕಬ್ಬಿಣದ ಪುಡಿ ಸೇರಿಸಿದ ಕಾಳನ್ನು ಬಚ್ಚಿಟ್ಟ ಅಯಸ್ಕಾಂತ ಎಳೆಯುತ್ತದೆ. ರೈಸ್ ಪುಲ್ಲಿಂಗ್ ಹೆಸರಿನ ಈ ದಗಾಕೋರತನ ಹೊಲ, ಮನೆ ಮಾರಿಸಿದೆ. ಅವರು ಮತ್ತೆ ಬಂದಾಗ ಮಾತಿಗೆ ಕೂರಬೇಡಿ, ಪೊಲೀಸರಿಗೆ ತಿಳಿಸಿ.

ಪ್ರಶ್ನೆ: ಹೊಲ ಉಳುವಾಗ ನಾಣ್ಯಗಳಿದ್ದ ಕುಡಿಕೆ ಸಿಕ್ಕಿತು. ಹಂಚಿಕೊಳ್ಳಬಹುದೇ?

ಹಂಚಿಕೊಳ್ಳುವಂತಿಲ್ಲ. ಅದು ನಿಧಿಯ ಕಾನೂನಿಗೆ ಒಳಪಡುತ್ತದೆ. ಕುಡಿಕೆಯನ್ನು ಒಡೆಯದೆ, ಒಂದು ನಾಣ್ಯವನ್ನೂ ತೆಗೆಯದೆ ತಹಸೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ತಿಳಿಸಿ.